ಐದನೆಯ ದಳ

ಸಮಾಚಾರ ಕೇಳುವಾಗ ‘ಫಿಫ್ತ್ ಕಾಲಮ್’ ಎಂಬ ಮಾತು ತಮ್ಮ ಕಿವಿಗೆ ಬಿದ್ದಿರಬಹುದು. ಐದನೆಯ ದಳ, ಪಂಚಮ ದಳ ಎಂದು ಕನ್ನಡಿಸಬಹುದು. ಕಾಲಮ್ ಎಂದೊಡನೆ ಪತ್ರಿಕೆಯ ಅಂಕಣ ನೆನಪಾಗುವುದು ಸಹಜ. ಕಲಬುರಗಿಯ ರೋಜಾ ಎಂದರೆ ಪರಊರಿನವರು ಗುಲಾಬಿ ಹೂವನ್ನು ನೆನೆಯುವಂತೆ ಇದೂ! ಆ ರೋಜಾ ಹೂವಲ್ಲ. ಅರಬ್ಬಿ ಮೂಲದ ‘ರೌಜಾ’. ಮೊದಲ ಅರ್ಥ ಉದ್ಯಾನ, ಆಮೇಲೆ ಸಂತರ ಸಮಾಧಿ. 1422ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜರ ಸಮಾಧಿಯಿಂದ ಆ ಹೆಸರು. ಹಾಗೆಯೇ ಈ ಕಾಲಮ್ ಅಂಕಣವಲ್ಲ, ಉದ್ದ ಸಾಲಾಗಿ ನಡೆಯುವ ಸೈನ್ಯ. ನಮ್ಮ ಚತುರಂಗ ಬಲಕ್ಕೆ ಐದನೆಯ ಅಂಗವೆಂದೂ ತಿಳಿಯಬಾರದು.

1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ದಂಗೆಯೆದ್ದ ಸೇನಾನಿಗಳು ರಾಜಧಾನಿ ಮ್ಯಾಡ್ರಿಡ್ ಕಡೆಗೆ ನಾಲ್ಕು ದಳಗಳನ್ನು ನಡೆಸಿದರು. ಐದನೆಯದು ಊರೊಳಗೇ ಇದೆ ಎಂದು ಜನರಲ್ ಮೋಲಾ ನುಡಿದನೆಂಬುದು ಪ್ರತೀತಿ. ಮಾತು ಅವನದೇ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಯಾರದೇ ಆಗಲಿ, ಅದು ಮಾಡಿದ ಕೆಲಸ ಘೋರ. ನೆರೆಮನೆಯವನೇ ಐದನೆಯವನೋ ಏನೋ ಎಂಬ ಶಂಕೆ ಊರನ್ನು ಹಿಡಿಯಿತು. ಅದೇ ನವೆಂಬರ್, ಡಿಸೆಂಬರ್‌ಗಳಲ್ಲಿ ನಗರವನ್ನು ಕಾಯುತ್ತಿದ್ದವರೇ 2000ಕ್ಕೂ ಮಿಕ್ಕಿ ಬಂದಿಗಳನ್ನು ಸೆರೆಮನೆಗಳಿಂದ ಹೊರಗೊಯ್ದು ಗುಂಡಿಕ್ಕಿದರು.

ನಮ್ಮಲ್ಲಿ ‘ಹಿತಶತ್ರು’ ಎಂಬ ಪದವುಂಟು. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆಯೂ ಉಂಟು. ಹೊರಗಿನ ಕೋಪಕ್ಕಿಂತ ಒಳಗಿನ ಕೋಪ ಹೆಚ್ಚು ಕೇಡಿನದೆಂದು, ಹಾವಿನ ಭಯವನ್ನು ಹೋಲಿಸಿ ಕೌಟಿಲ್ಯ ಹೇಳಿದ್ದಾನೆ. ಆದರೆ ಅವನು ಬೆರಳು ತೋರಿಸುವುದು ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜರ ಕಡೆಗೆ. ತಪ್ಪು ಅರಸನದಾದರೆ ಅವನೇ ತಿದ್ದಿಕೊಳ್ಳಬೇಕೆಂದೂ ಸೇರಿಸುತ್ತಾನೆ. 1799ರ ಶ್ರೀರಂಗಪಟ್ಟಣದ ಪತನದಲ್ಲಿ ದ್ರೋಹದ ಆರೋಪ ಹೊತ್ತ ಮೀರ್ ಸಾದಿಕನೂ ಟಿಪ್ಪುವಿನ ಅಧಿಕಾರಿಯೇ. ಹೆಸರಿಟ್ಟು ಹೊರಿಸಿದ ಆರೋಪವನ್ನು ಒರೆಗೆ ಹಚ್ಚಬಹುದು. ಐದನೆಯ ದಳಕ್ಕಾದರೋ ಸಂಖ್ಯೆಯುಂಟು, ಹೆಸರಿಲ್ಲ. ಯಾರನ್ನಾದರೂ ಅದರಲ್ಲಿ ಸೇರಿಸಿಬಿಡಬಹುದು.

ಇದು ದೂರದ ಸ್ಪೇನಿನ ಮಾತಷ್ಟೇ ಅಲ್ಲ. 1962ರ ಚೀನಾ ಯುದ್ಧದಲ್ಲಿ ಇಂಥದೇ ಶಂಕೆಯಿಂದ, ಅಸ್ಸಾಂ, ಡಾರ್ಜಿಲಿಂಗ್ ಮೊದಲಾದೆಡೆ ನೆಲೆಸಿದ್ದ ಚೀನೀ ಮೂಲದ ಸುಮಾರು 3000 ಜನರನ್ನು, ಹೆಂಗಸರು ಮಕ್ಕಳೆನ್ನದೆ, ರೈಲಿನಲ್ಲಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಿದರು. ನ್ಯಾಯಾಲಯದ ವಿಚಾರಣೆ ನಡೆಯಲಿಲ್ಲ. ಯುದ್ಧ ಒಂದು ತಿಂಗಳಲ್ಲಿ ಮುಗಿಯಿತು. ಕೆಲವರು ಅಲ್ಲಿ ವರ್ಷಗಟ್ಟಲೆ ಉಳಿದರು. ಬಿಡುಗಡೆಯಾಗಿ ಊರಿಗೆ ಮರಳಿದ ಹಲವರ ಮನೆ, ಅಂಗಡಿ ಅಷ್ಟರಲ್ಲಿ ಹರಾಜಾಗಿದ್ದವು.