ಫೋನಿನ ಆಚೆ ತುದಿಯ ಲೈನ್ ಕಾರ್ಡ್

ಗಲ್ಫಿನಲ್ಲಿರುವ ಮಗನ ಫೋನ್ ಬರುತ್ತದೆಂದು ಉಮ್ಮಂದಿರು ಪಕ್ಕದ ಮನೆಯ ಜಗಲಿಯಲ್ಲಿ ಕಾದು ಕೂರುತ್ತಿದ್ದ ಕಾಲ ತೀರಾ ಹಳೆಯದೇನಲ್ಲ. ಈಗ ಕೈಕೈಯಲ್ಲಿ ಮೊಬೈಲ್ ಇದೆ. ಆದರೂ ಆಸ್ಪತ್ರೆ, ಬ್ಯಾಂಕು, ಕಚೇರಿಗಳಲ್ಲಿ, ಕೆಲವು ಮನೆಗಳಲ್ಲಿ ತಂತಿಯ ಫೋನ್ ಉಳಿದಿದೆ. ಅದು ಸತ್ತರೆ ನಾವು ಮೊದಲು ಬೈಯುವುದು ಲೈನ್‌ಮ್ಯಾನ್‌ಗೆ. ಆ ತಂತಿ ಹೋಗಿ ಸೇರುವ ಜಾಗದಲ್ಲಿ ಏನಿದೆ ಅಂತ ಕೇಳಿದವರು ಕಡಿಮೆ. ಅಲ್ಲಿರುವುದೇ ಲೈನ್ ಕಾರ್ಡ್.

ಇದರ ಕತೆಗೆ ನಮ್ಮ ರಾಜ್ಯದ ನಂಟೂ ಇದೆ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಪೋರ್ಟಿನ ಸಣ್ಣ ಎಕ್ಸ್‌ಚೇಂಜ್ ತಯಾರಿಸಿತು. ಅದರಲ್ಲಿ ಮೊದಲನೆಯದು 1986ರಲ್ಲಿ ಕಿತ್ತೂರಿನಲ್ಲಿ ಚಾಲೂ ಆಯಿತು. ಎ.ಸಿ. ಇಲ್ಲದ ಕೋಣೆಯಲ್ಲೂ, ಧೂಳು ಸೆಕೆಯಲ್ಲೂ ಓಡುವಂತೆ ಅದನ್ನು ಮಾಡಿದ್ದರು. ಅದರ ಒಂದೊಂದು ಲೈನ್ ಕಾರ್ಡಿಗೆ ಎಂಟೆಂಟು ಲೈನ್. ಅಂದರೆ ಒಂದು ಹಲಗೆಯ ಮೇಲೆ ಎಂಟು ಮನೆಗಳ ಮಾತು.

ಆ ಹಲಗೆಗೆ ಕೆಲಸ ಒಂದೆರಡಲ್ಲ. ಮನೆಯ ಫೋನಿಗೆ 48 ವೋಲ್ಟಿನ ಕರೆಂಟ್ ಕೊಡಬೇಕು. ಕರೆ ಬಂದಾಗ ಸುಮಾರು 75 ವೋಲ್ಟ್ ಕಳಿಸಿ ಗಂಟೆ ಬಾರಿಸಬೇಕು. ನಾವು ರಿಸೀವರ್ ಎತ್ತಿದ್ದೇವೋ ಇಟ್ಟಿದ್ದೇವೋ ನೋಡುತ್ತಿರಬೇಕು. ಹೋಗುವ ಮಾತು, ಬರುವ ಮಾತು ಎರಡನ್ನೂ ಬೇರೆ ಮಾಡಬೇಕು. ನಮ್ಮ ಸ್ವರವನ್ನು ಸೆಕೆಂಡಿಗೆ 8,000 ಸಲ ಅಳೆದು ಅಂಕಿಯಾಗಿ ಬದಲಿಸಬೇಕು. ನಾವು ಸಲಾಂ ಹೇಳಿ ಮುಗಿಸುವಷ್ಟರಲ್ಲಿ ಇಷ್ಟೂ ನಡೆದಿರುತ್ತದೆ.

ಕಾರ್ಡ್ ಕೂರಿಸುವುದು ನೋಡಲಿಕ್ಕೆ ಸುಲಭ. ಕಪಾಟಿನಂಥ ಚೌಕಟ್ಟಿನ ಗಾಡಿಯಲ್ಲಿ ಜಾರಿಸಿ ಒತ್ತಿದರೆ ಆಯಿತು. ಆದರೆ ಅದಕ್ಕೂ ಮೊದಲು ಕೆಲಸ ಇದೆ. ಕಾರ್ಡಿನ ಮಾದರಿಯೂ ಆ ಜಾಗವೂ ಹೊಂದುತ್ತದೆಯೇ ನೋಡಬೇಕು. ಹಿಂದಿನ ಪಿನ್‌ಗಳಲ್ಲಿ ಒಂದಾದರೂ ಬಗ್ಗಿದೆಯೇ ನೋಡಬೇಕು. ಎಲ್ಲಕ್ಕಿಂತ ಮೊದಲು ಅರ್ತ್‌ಗೆ ಸೇರಿಸಿದ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು. ನಮ್ಮ ಮೈಯಲ್ಲಿ ಸೇರುವ ಸ್ಥಿರ ವಿದ್ಯುತ್ತು ಸುಮಾರು 3,000 ವೋಲ್ಟ್ ಮುಟ್ಟುವ ತನಕ ನಮಗೆ ಗೊತ್ತೇ ಆಗುವುದಿಲ್ಲ. ಕಾರ್ಡಿನ ಚಿಪ್ಪಿಗೆ ಅದರ ಸಣ್ಣ ಪಾಲೇ ಸಾಕು. ಹಾಗೆ ಪೆಟ್ಟು ತಿಂದ ಕಾರ್ಡ್ ಅವತ್ತೇ ಸಾಯಬೇಕೆಂದಿಲ್ಲ. ಎರಡು ತಿಂಗಳು ನಡೆದು ಮೂರನೇ ತಿಂಗಳು ಕೈಕೊಟ್ಟರೆ ಕಾರಣ ಹುಡುಕುವುದು ಯಾರು?

ಕಾರ್ಡ್ ಕೂತ ಮೇಲೆ ಯಾವ ಪೋರ್ಟಿಗೆ ಯಾವ ನಂಬರ್ ಎಂದು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಎಂ.ಡಿ.ಎಫ್. ಎನ್ನುವ ಚೌಕಟ್ಟಿನಲ್ಲಿ ಊರಿನ ಕೇಬಲಿಗೂ ಕಾರ್ಡಿಗೂ ಜಂಪರ್ ತಂತಿ ಹಾಕುತ್ತಾರೆ. ಹಸಿರು ದೀಪ ಹತ್ತಿತೆಂದು ಎದ್ದು ಬಂದರೆ ಕೆಲಸ ಅರ್ಧ. ದೀಪ ಹತ್ತಿದರೆ ಕಾರ್ಡಿಗೆ ಜೀವ ಇದೆ ಎಂದಷ್ಟೇ ಅರ್ಥ. ಎಂಟೂ ಲೈನ್ ಸರಿಯಿದೆ ಎಂದಲ್ಲ.

ಮದ್ರಸದಲ್ಲಿ ಎಲ್ಲ ಮಕ್ಕಳನ್ನೂ ಒಟ್ಟಿಗೆ ಓದಿಸಿದರೆ ಎಲ್ಲರಿಗೂ ಪಾಠ ಬಂದ ಹಾಗೆಯೇ ಕೇಳಿಸುತ್ತದೆ. ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಿದಾಗಲೇ ಯಾರು ಎಲ್ಲಿ ತಡವರಿಸುತ್ತಾರೆ ಅಂತ ತಿಳಿಯುವುದು. ಇಲ್ಲೂ ಹಾಗೆಯೇ. ಒಂದೊಂದು ಪೋರ್ಟಿಗೂ ಟೆಸ್ಟ್ ಫೋನ್ ಹಚ್ಚಿ ಕ್ರಮವಾಗಿ ನೋಡಬೇಕು. ಎತ್ತಿದ ಕೂಡಲೇ ಡಯಲ್ ಟೋನ್ ಬಂತೇ? ಮೊದಲ ಅಂಕಿ ಒತ್ತಿದಾಗ ಟೋನ್ ನಿಂತಿತೇ? ಹೊರಗಿಂದ ಕರೆದರೆ ಗಂಟೆ ಬಾರಿಸಿತೇ, ಎತ್ತಿದ ಕ್ಷಣ ನಿಂತಿತೇ? ಎರಡೂ ಕಡೆಗೆ ಮಾತು ಕೇಳುತ್ತದೆಯೇ? ಪಕ್ಕದ ಲೈನಿನ ಮಾತು ನುಸುಳುತ್ತದೆಯೇ? ಇಟ್ಟ ಮೇಲೆ ಲೈನ್ ಬಿಡುಗಡೆಯಾಯಿತೇ? ಎಂಟನೆಯದನ್ನು ಬಿಟ್ಟುಬಿಟ್ಟರೆ ಆ ಎಂಟನೆಯದು ಯಾವುದೋ ಒಂಟಿ ಮುದುಕಿಯ ಮನೆ ಆಗಿರಬಹುದು.

ದೂರು ಬಂದಾಗ ತಪ್ಪು ಒಳಗಿನದೋ ಹೊರಗಿನದೋ ಗೊತ್ತಾಗಬೇಕು. ಅದಕ್ಕೆ ಎಂ.ಡಿ.ಎಫ್.ನಲ್ಲಿ ಹೊರಗಿನ ತಂತಿಯನ್ನು ಬಿಡಿಸಿ, ಕಾರ್ಡಿನ ಕಡೆಗೆ ಮಾತ್ರ ಟೆಸ್ಟ್ ಫೋನ್ ಹಚ್ಚುತ್ತಾರೆ. ಟೋನ್ ಬಂದರೆ ಕಾರ್ಡಿನದು ತಪ್ಪಲ್ಲ, ದಾರಿಯಲ್ಲೇ ಹುಡುಕಬೇಕು. ಅರ್ಧ ಮಿ.ಮೀ. ದಪ್ಪದ ತಾಮ್ರದ ಜೋಡಿ ತಂತಿ ಕಿಲೋಮೀಟರಿಗೆ ಹೋಗಿಬರುವ ದಾರಿಯಲ್ಲಿ ಸುಮಾರು 175 ಓಮ್ ತೋರಿಸಬೇಕು. ತುಂಬ ಹೆಚ್ಚಾದರೆ ಎಲ್ಲೋ ಜಾಯಿಂಟ್ ಸಡಿಲ ಇದೆ. ಮಳೆ ನೀರು ನುಗ್ಗಿದೆಯೇ ಎಂದು ಮೆಗ್ಗರ್‌ನಲ್ಲಿ ನೋಡುವಾಗ ಮಾತ್ರ ಕಾರ್ಡನ್ನು ಕಡ್ಡಾಯವಾಗಿ ಬೇರೆ ಮಾಡಿರಬೇಕು. ಮೆಗ್ಗರಿನ ಹೆಚ್ಚಿನ ವೋಲ್ಟೇಜ್ ಕಾರ್ಡಿಗೆ ಹೋದರೆ ಪರೀಕ್ಷೆಯೇ ಅದನ್ನು ಕೊಲ್ಲುತ್ತದೆ.

ನಮ್ಮ ಜಿಲ್ಲೆಯ ಗುಡುಗು ಮಿಂಚು ಎಲ್ಲರಿಗೂ ಗೊತ್ತಿದ್ದದ್ದೇ. ತಂತಿಯಲ್ಲಿ ಬರುವ ಸಿಡಿಲಿನ ಹೊಡೆತವನ್ನು ಭೂಮಿಗೆ ಇಳಿಸಲು ಎಂ.ಡಿ.ಎಫ್.ನಲ್ಲಿ ಗ್ಯಾಸ್ ತುಂಬಿದ ಸಣ್ಣ ಕೊಳವೆಗಳಿರುತ್ತವೆ. ಆದರೆ ಅರ್ತ್ ಸರಿಯಿಲ್ಲದಿದ್ದರೆ ಅವು ಇದ್ದೂ ಇಲ್ಲದ ಹಾಗೆ. ಹೊಸ ಕಾರ್ಡ್ ಮತ್ತೆ ಮತ್ತೆ ಸುಡುತ್ತಿದೆ ಅಂದರೆ ಕಾರ್ಡ್ ಬದಲಿಸುವ ಮೊದಲು ಅರ್ತ್ ನೋಡಬೇಕು.

ಈಗ ಹಲವು ಕಡೆ ತಾಮ್ರ ಹೋಗಿ ಫೈಬರ್ ಬಂದಿದೆ. ಅಲ್ಲೂ ಆಚೆ ತುದಿಯಲ್ಲಿ ಕಾರ್ಡೇ ಇರುವುದು. ವೋಲ್ಟಿನ ಬದಲು ಬೆಳಕನ್ನು ಅಳೆಯುತ್ತಾರೆ, ಅಷ್ಟೇ. ಒಂದು ವ್ಯತ್ಯಾಸ ಮಾತ್ರ ಮನೆಮನೆಗೂ ತಿಳಿದಿರಬೇಕು. ಹಳೆಯ ತಂತಿ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಕರೆಂಟ್ ಬರುತ್ತಿತ್ತು, ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಮಾತಾಡುತ್ತಿತ್ತು. ಫೈಬರಿನ ಪೆಟ್ಟಿಗೆಗೆ ಮನೆಯ ಕರೆಂಟೇ ಬೇಕು. ವಯಸ್ಸಾದವರು, ರೋಗಿಗಳು ಇರುವ ಮನೆಯವರು ಮಳೆಗಾಲಕ್ಕೆ ಮೊದಲೇ ಆ ಪೆಟ್ಟಿಗೆಗೊಂದು ಬ್ಯಾಟರಿ ಬ್ಯಾಕಪ್ ಇಟ್ಟುಕೊಳ್ಳುವುದು ಒಳ್ಳೆಯದು. ಫೈಬರ್ ತುಂಡಾಗಿ ಬಿದ್ದಿದ್ದರೆ ಮಕ್ಕಳು ಅದರ ತುದಿಗೆ ಕಣ್ಣಿಟ್ಟು ನೋಡದಂತೆ ಎಚ್ಚರ ಹೇಳಿ. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲ, ಆದರೆ ಕಣ್ಣಿಗೆ ಅಪಾಯವಾಗಬಹುದು.

ಐಟಿಐ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುವ ನಮ್ಮ ಹುಡುಗರಲ್ಲಿ ಕೆಲವರಿಗೆ ಇಂಥ ಕೆಲಸ ಸಣ್ಣದಾಗಿ ಕಾಣುತ್ತದೆ. ಸ್ಕ್ರೂ ಡ್ರೈವರ್ ಹಿಡಿಯುವುದು ಯಾರಿಗೂ ಬರುತ್ತದೆ ಮಕ್ಕಳೇ. ಯಾರೂ ನೋಡದಿದ್ದರೂ ಎಂಟನೇ ಲೈನನ್ನೂ ಎತ್ತಿ ಕೇಳಿ, ಟೋನ್ ಬಂದ ಮೇಲೆಯೇ ಪುಸ್ತಕದಲ್ಲಿ ‘ಸರಿ’ ಎಂದು ಬರೆಯುವವನು ಎಲ್ಲ ಕಡೆ ಸಿಗುವುದಿಲ್ಲ. ಅಂಥವನಿಗೆ ಇಲ್ಲಾಗಲಿ ಗಲ್ಫಿನಲ್ಲಾಗಲಿ ಬೆಲೆ ಇದ್ದೇ ಇದೆ.