ಬ್ರೇಕು ಬದಲಾಯಿಸಿದ ಮೇಲೆ ಮೆತ್ತಗಾದ ಪೆಡಲು: ರಂಗಂಪೇಟೆಯ ಒಂದು ಜೀಪಿನ ಪರೀಕ್ಷೆ

ಸುರಪುರಕ್ಕೆ ಹೊಂದಿಕೊಂಡಿರುವ ರಂಗಂಪೇಟೆಯಲ್ಲಿ ನಮ್ಮ ಪರಿಚಯದ ಒಂದು ಒಕ್ಕಲು ಮನೆತನದವರು ಹಳೆಯ ಜೀಪೊಂದನ್ನು ಇಟ್ಟುಕೊಂಡಿದ್ದಾರೆ. ನಾರಾಯಣಪುರ ಜಲಾಶಯದ ಕಾಲುವೆಗಳು ಬಂದ ಮೇಲೆ ಭತ್ತದ ಗದ್ದೆಗಳಾಗಿ ಮಾರ್ಪಟ್ಟ ಎರೆಭೂಮಿಯಲ್ಲಿ ಓಡಾಡುವ ಆ ವಾಹನದ ಡ್ರಮ್ಮುಗಳೊಳಕ್ಕೆ ಕೆಸರೂ ನೀರೂ ಹೊಕ್ಕು, ಮಳೆಗಾಲದಲ್ಲಿ ಬ್ರೇಕು ಹಿಡಿಯುವುದೇ ಕಷ್ಟವಾಗಿತ್ತು. ಆದಕಾರಣ ಮುಂದಿನ ಎರಡು ಗಾಲಿಗಳಿಗೆ ಡಿಸ್ಕ್ ಬ್ರೇಕುಗಳನ್ನು ಹಾಕಿಸಿದರು. ಫಲ ಮಾತ್ರ ವಿಪರೀತವಾಯಿತು. ಪೆಡಲಿನ ಮೇಲೆ ಕಾಲಿಟ್ಟರೆ ಹತ್ತಿಯ ಗಾದಿಯ ಮೇಲೆ ಇಟ್ಟಂತೆ ಅದು ನೆಲದ ಸಮೀಪದವರೆಗೂ ಇಳಿಯುವುದು. ಬಿಟ್ಟು ಮತ್ತೊಮ್ಮೆ ತುಳಿದರೆ ಹಿಡಿಯುವುದು. ಮಿಸ್ತ್ರಿ ನಾಲ್ಕು ಸಲ ಗಾಳಿ ತೆಗೆದನು. "ಇನ್ನೂ ಗಾಳಿ ಐತ್ರಿ" ಎಂಬುದೇ ಪ್ರತಿ ಸಲದ ಉತ್ತರ.

ತಿಂಥಣಿಯ ಮೌನೇಶ್ವರನ ಜಾತ್ರೆ ಹತ್ತಿರ ಬಂದಿತ್ತು. ಎರಡು ಸಲ ತುಳಿದರೆ ಹಿಡಿಯುತ್ತದೆಯಾದ್ದರಿಂದ ಮನೆಮಂದಿಯನ್ನು ಕೂರಿಸಿಕೊಂಡು ಹೋಗಬಹುದಲ್ಲವೇ ಎಂದು ಯಜಮಾನರು ನಮ್ಮನ್ನು ಕೇಳಿದರು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನವು ಒಂದು ಸೆಕೆಂಡಿನಲ್ಲಿ 11 ಮೀಟರು ಕ್ರಮಿಸುತ್ತದೆ. ಎರಡನೆಯ ಸಲ ತುಳಿಯಲು ಅರ್ಧ ಸೆಕೆಂಡು ಹಿಡಿದರೂ ಜೀಪು ಐದೂವರೆ ಮೀಟರು ಮುಂದೆ ಹೋಗಿರುತ್ತದೆ. ಜಾತ್ರೆಯ ದಾರಿಯಲ್ಲಿ ಅಷ್ಟು ಅಂತರದೊಳಗೆ ಎಷ್ಟು ಮಂದಿ ಇರಬಹುದೆಂಬುದನ್ನು ಅವರಿಗೆ ಹೇಳಬೇಕಾಗಲಿಲ್ಲ.

ದ್ರವದಿಂದ ನಡೆಯುವ ಬ್ರೇಕಿನ ತತ್ತ್ವ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಪಾಸ್ಕಲನು 17ನೆಯ ಶತಮಾನದಲ್ಲಿ ನಿರೂಪಿಸಿದನು. 1921ರ ಡ್ಯೂಸನ್‌ಬರ್ಗ್ ಕಾರಿನಲ್ಲಿ ಅದು ನಾಲ್ಕು ಗಾಲಿಗಳ ಬ್ರೇಕಾಗಿ ರಸ್ತೆಗೆ ಬಂದಿತು. ಪೆಡಲು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ದೂಡುತ್ತದೆ. ಅಲ್ಲಿಂದ ಹೊರಟ ಎಣ್ಣೆ ಗಾಲಿಗಳಲ್ಲಿರುವ ಪಿಸ್ಟನ್ನುಗಳನ್ನು ಸರಿಸುತ್ತದೆ. ಬಲವನ್ನು ಹೆಚ್ಚಿಸಿಕೊಳ್ಳಬಹುದು, ಆದರೆ ಅದಕ್ಕೆ ತಕ್ಕಷ್ಟು ದೂರವನ್ನು ತೆರಬೇಕು. ಬ್ರೇಕು ಬದಲಾಯಿಸುವವರು ಮರೆಯುವುದು ಈ ಎರಡನೆಯ ಮಾತನ್ನೇ.

ಈ ಬಗೆಯ ಜೀಪಿನ ಮೂಲ ಮಾಸ್ಟರ್ ಸಿಲಿಂಡರಿನ ವ್ಯಾಸ ಒಂದು ಅಂಗುಲ, ಎಂದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ 5.07 ಚದರ ಸೆಂಟಿಮೀಟರು. ಮುಂದಿನ ಡ್ರಮ್ಮುಗಳ ಸಿಲಿಂಡರುಗಳೂ ಒಂದು ಅಂಗುಲದವೇ. ಒಂದೊಂದರಲ್ಲಿ ಎರಡು ಪಿಸ್ಟನ್ನುಗಳು. ಪ್ರತಿ ಪಿಸ್ಟನ್ನು ಅರ್ಧ ಮಿಲಿಮೀಟರು ಸರಿದರೆ ನಾಲ್ಕಕ್ಕೂ ಸೇರಿ ಬೇಕಾಗುವ ಎಣ್ಣೆ ಸುಮಾರು 1 ಘನ ಸೆಂಟಿಮೀಟರು. ಇವುಗಳ ಸ್ಥಾನದಲ್ಲಿ 51 ಮಿಲಿಮೀಟರು ವ್ಯಾಸದ ಒಂದೊಂದು ಪಿಸ್ಟನ್ನುಳ್ಳ ಕ್ಯಾಲಿಪರುಗಳನ್ನು ಕೂರಿಸಿದರೆಂದು ಎಣಿಸೋಣ. ಅದೇ ಅರ್ಧ ಮಿಲಿಮೀಟರಿಗೆ ಈಗ 2.04 ಘನ ಸೆಂಟಿಮೀಟರು ಬೇಕು. ಪೆಡಲಿನ ಸನ್ನೆ ಆರರಷ್ಟಿದ್ದರೆ, ಮುಂದಿನ ಗಾಲಿಗಳಿಗಾಗಿ ಕಾಲು ಇಳಿಯಬೇಕಾದ ದೂರ 12 ಮಿಲಿಮೀಟರಿನಿಂದ 24ಕ್ಕೆ ಏರುತ್ತದೆ. ಇದರಲ್ಲಿ ದೋಷವೇನೂ ಇಲ್ಲ, ಲೆಕ್ಕವೇ ಹಾಗಿದೆ.

ಇಲ್ಲಿ ಇನ್ನೊಂದು ತೊಡಕುಂಟು. ಡ್ರಮ್ಮು ತಿರುಗುವಾಗ ತನ್ನ ಶೂವನ್ನು ತಾನೇ ಒಳಗೆಳೆದುಕೊಂಡು ಹಿಡಿತವನ್ನು ಹೆಚ್ಚಿಸುತ್ತದೆ. ಡಿಸ್ಕಿಗೆ ಈ ಗುಣವಿಲ್ಲವಾದುದರಿಂದ ಹೆಚ್ಚು ಒತ್ತಡ ಬೇಕು. ಅದನ್ನು ಪಡೆಯಲು ಕೆಲವರು ಮುಕ್ಕಾಲು ಅಂಗುಲದ ಮಾಸ್ಟರ್ ಸಿಲಿಂಡರನ್ನು ಹಾಕುತ್ತಾರೆ. ಆಗ ಒತ್ತಡ 16/9ರಷ್ಟಾಗುವುದು ನಿಜ. ಆದರೆ ಮೇಲಿನ 24 ಮಿಲಿಮೀಟರು 43 ಆಗುತ್ತದೆ. ಅಂಥ ಪೆಡಲನ್ನು ಎಷ್ಟು ಸಲ ಗಾಳಿ ತೆಗೆದರೂ ಗಟ್ಟಿ ಮಾಡಲಾಗದು. ನಮ್ಮ ಜೀಪಿನಲ್ಲಿ ಹಳೆಯ ಸಿಲಿಂಡರೇ ಉಳಿದಿದ್ದುದು ಅದೃಷ್ಟ.

ಗಾಳಿಯ ಸಂಗತಿ ಬೇರೆ. ಬ್ರೇಕ್ ಎಣ್ಣೆ 50 ವಾಯುಭಾರದ ಒತ್ತಡದಲ್ಲಿಯೂ ನೂರಕ್ಕೆ ಅರ್ಧದಷ್ಟು ಕುಗ್ಗುವುದಿಲ್ಲ. ಕೊಳವೆಯಲ್ಲಿ ಸಿಕ್ಕಿಕೊಂಡ 3 ಘನ ಸೆಂಟಿಮೀಟರು ಗಾಳಿಯಾದರೋ 30 ವಾಯುಭಾರದಲ್ಲಿ 0.1 ಘನ ಸೆಂಟಿಮೀಟರಿಗೆ ಕುಗ್ಗುತ್ತದೆ. ಆ ವ್ಯತ್ಯಾಸವನ್ನು ತುಂಬಲು ಪೆಡಲು 34 ಮಿಲಿಮೀಟರು ವ್ಯರ್ಥವಾಗಿ ಇಳಿಯಬೇಕು. ಒಂದು ಚಮಚೆಗಿಂತ ಕಡಮೆ ಗಾಳಿಯಿಂದ ಇಷ್ಟು ಹಾನಿ.

ಆದ್ದರಿಂದ "ಮೆತ್ತಗಿದೆ" ಎಂಬ ಒಂದೇ ಮಾತಿನಲ್ಲಿ ಹಲವು ರೋಗಗಳು ಅಡಗಿವೆ, ಅವುಗಳನ್ನು ಕಾಲಿನಿಂದಲೇ ವಿಂಗಡಿಸಬಹುದು. ಪೆಡಲು ಬಹಳ ಇಳಿದರೂ ತಳದಲ್ಲಿ ಕಲ್ಲಿನಂತೆ ನಿಂತರೆ ಎಲ್ಲಿಯೋ ಸಂದು ಹೆಚ್ಚಾಗಿದೆ, ಇಲ್ಲವೆ ಸಿಲಿಂಡರು ಚಿಕ್ಕದಾಗಿದೆ. ಇಳಿಯುವಾಗ ಸ್ಪ್ರಿಂಗಿನಂತೆ ಪುಟಿದರೆ ಗಾಳಿಯನ್ನೋ ಉಬ್ಬುವ ಹಳೆಯ ರಬ್ಬರು ಪೈಪನ್ನೋ ಶಂಕಿಸಬೇಕು. ಒಂದೇ ಬಲದಿಂದ ಒತ್ತಿ ಹಿಡಿದಾಗ ಮೆಲ್ಲಮೆಲ್ಲನೆ ಕೆಳಗಿಳಿಯುತ್ತಿದ್ದರೆ ಅದು ಸೋರಿಕೆ, ಅಥವಾ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರಿನ ಸವೆತ; ಅಂಥ ವಾಹನವನ್ನು ಒಂದು ಹೆಜ್ಜೆಯೂ ಓಡಿಸಕೂಡದು. ರಾತ್ರಿ ನಿಲ್ಲಿಸಿದ ಮೇಲೆ ಬೆಳಗಿನ ಮೊದಲ ತುಳಿತ ಮಾತ್ರ ಪೊಳ್ಳಾಗಿ, ಆಮೇಲೆ ಸರಿಯಾಗಿದ್ದರೆ, ನೆಲಹಾಸಿನ ಕೆಳಗೆ ಮಾಸ್ಟರ್ ಸಿಲಿಂಡರುಳ್ಳ ಹಳೆಯ ಜೀಪುಗಳಲ್ಲಿ ಎಣ್ಣೆ ಕ್ಯಾಲಿಪರಿನಿಂದ ಹಿಂದಕ್ಕೆ ಹರಿದಿರಬಹುದು. ಅದನ್ನು ತಡೆಯಲು ಚದರ ಅಂಗುಲಕ್ಕೆ 2 ಪೌಂಡಿನಷ್ಟು ಒತ್ತಡವನ್ನು ಉಳಿಸುವ ಸಣ್ಣ ಕವಾಟವೊಂದು ಸಿಗುತ್ತದೆ. ಡ್ರಮ್ಮುಗಳಿಗಾಗಿ ಮಾಡಿದ ಕವಾಟ ಉಳಿಸುವ ಒತ್ತಡ ಇದಕ್ಕಿಂತ ಹಲವು ಪಟ್ಟು ಹೆಚ್ಚು. ಅದನ್ನು ಡಿಸ್ಕಿನ ಸಾಲಿನಲ್ಲಿ ಬಿಟ್ಟರೆ ಪ್ಯಾಡುಗಳು ಸದಾ ಉಜ್ಜಿ ಕಾಯುತ್ತವೆ.

ರಂಗಂಪೇಟೆಯ ಜೀಪಿನ ಪೆಡಲು ಪುಟಿಯುತ್ತಿತ್ತು. ಮೊಂಡು ಅಂಚಿನ ಹಿಡಿಕೆಯಿಂದ ರಬ್ಬರು ಪೈಪುಗಳನ್ನು ಒಂದೊಂದಾಗಿ ಅದುಮಿ ನೋಡಿದೆವು. ಮುಂದಿನ ಎರಡನ್ನೂ ಅದುಮಿದಾಗ ಪೆಡಲು ಥಟ್ಟನೆ ಮೇಲೇರಿ ಗಟ್ಟಿಯಾಯಿತು. ಹಿಂದಿನದನ್ನು ಅದುಮಿದಾಗ ಸ್ವಲ್ಪ ಮಾತ್ರ. ಹಾಗಾದರೆ ಮುಖ್ಯ ದೋಷವು ಹೊಸ ಕ್ಯಾಲಿಪರುಗಳಲ್ಲಿಯೇ ಇರಬೇಕು. ಗಾಲಿ ಬಿಚ್ಚಿದೊಡನೆ ಅದು ಕಣ್ಣಿಗೇ ಕಂಡಿತು. ಗಾಳಿ ಬಿಡುವ ನಿಪ್ಪಲ್ಲು ಎರಡು ಕಡೆಯಲ್ಲಿಯೂ ಕೆಳಗಿತ್ತು! ಎಡಗಡೆಯ ಕ್ಯಾಲಿಪರನ್ನು ಬಲಗಡೆಗೂ ಬಲಗಡೆಯದನ್ನು ಎಡಗಡೆಗೂ ಜೋಡಿಸಿದ್ದರು. ಬೋಲ್ಟುಗಳ ಅಳತೆ ಎರಡಕ್ಕೂ ಒಂದೇ ಆದುದರಿಂದ ಯಾವ ಅಡ್ಡಿಯೂ ಇಲ್ಲದೆ ಅವು ಕುಳಿತಿದ್ದುವು. ಗಾಳಿ ಹಗುರ, ಅದು ಕ್ಯಾಲಿಪರಿನ ನೆತ್ತಿಯಲ್ಲಿ ನಿಲ್ಲುತ್ತದೆ. ತಳದ ನಿಪ್ಪಲ್ಲಿನಿಂದ ನಾಲ್ಕು ಸಲವಲ್ಲ, ನಲವತ್ತು ಸಲ ಎಣ್ಣೆ ಹರಿಸಿದರೂ ಅದು ಅಲುಗದು. ಮಿಸ್ತ್ರಿಯ ರೋಗನಿರ್ಣಯ ಸರಿಯಾಗಿಯೇ ಇತ್ತು, ಒಳಗಿದ್ದುದು ಗಾಳಿಯೇ. ಅದಕ್ಕೆ ಹೊರಬರುವ ದಾರಿ ಮಾತ್ರ ಇರಲಿಲ್ಲ.

ಕ್ಯಾಲಿಪರುಗಳನ್ನು ಅದಲುಬದಲು ಮಾಡಿ, ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿಯಿಂದ ಆರಂಭಿಸಿ, ಹೊಸ ಡಬ್ಬಿಯ ಎಣ್ಣೆಯಿಂದಲೇ ಗಾಳಿ ತೆಗೆಯಲಾಯಿತು. ಹೊರಬಂದ ಎಣ್ಣೆಯನ್ನು ಮತ್ತೆ ಸುರಿಯುವ ಅಭ್ಯಾಸ ಕೆಟ್ಟದ್ದು: ಅದರಲ್ಲಿ ಸೂಕ್ಷ್ಮ ಗುಳ್ಳೆಗಳಿರುತ್ತವೆ, ಗಾಳಿಯ ತೇವವನ್ನೂ ಅದು ಹೀರಿಕೊಂಡಿರುತ್ತದೆ. ಡಾಟ್ 3 ವರ್ಗದ ಹೊಸ ಎಣ್ಣೆಗೆ 205 ಡಿಗ್ರಿ ಸೆಲ್ಸಿಯಸ್ ಕನಿಷ್ಠ ಕುದಿಬಿಂದು ವಿಧಿಸಿದ್ದರೆ, ತೇವಗೂಡಿದ್ದಕ್ಕೆ ಅದು 140 ಮಾತ್ರ. ಯಾದಗಿರಿಯ ಬೇಸಗೆಯಲ್ಲಿ ಭಾರ ಹೊತ್ತು ಇಳಿಜಾರಿನಲ್ಲಿ ಬರುವ ವಾಹನಕ್ಕೆ ಈ ಅಂತರ ಸಣ್ಣದಲ್ಲ.

ಪುಟಿತ ಹೋಯಿತು. ಆದರೂ ಪೆಡಲು ನಾವೆಣಿಸಿದ್ದಕ್ಕಿಂತ ಎರಡು ಬೆರಳಷ್ಟು ಹೆಚ್ಚಾಗಿಯೇ ಇಳಿಯುತ್ತಿತ್ತು, ಆದರೆ ತಳದಲ್ಲಿ ಗಟ್ಟಿ. ಹಿಂದಿನ ಡ್ರಮ್ಮುಗಳನ್ನು ಯಾರೂ ಮುಟ್ಟಿರಲಿಲ್ಲ. ಹೊಸದರ ಸಂಭ್ರಮದಲ್ಲಿ ಹಳೆಯದು ಮರೆತಿತ್ತು. ಶೂಗಳನ್ನು ಗಾಲಿಗೆ ತಗಲುವವರೆಗೆ ಬಿಗಿಮಾಡಿ, ಗಾಲಿ ಸರಾಗವಾಗಿ ತಿರುಗುವಷ್ಟು ಮಾತ್ರ ಸಡಿಲಿಸಿದ ಮೇಲೆ ಆ ಎರಡು ಬೆರಳೂ ಉಳಿಯಿತು. ಲೆಕ್ಕದಲ್ಲಿ ಬಂದ ಹೆಚ್ಚಿನ ಇಳಿತ ಇದ್ದೇ ಇದೆ; ಅದು ಇರತಕ್ಕದ್ದೇ.

ಇಂಥ ಮಾರ್ಪಾಟು ಮಾಡಿಸುವವರು 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮನ್ನು ಮೊದಲೇ ಓದಿಕೊಳ್ಳುವುದು ಲೇಸು. ತಯಾರಕರ ವಿವರಣೆಗೆ ವಿರುದ್ಧವಾದ ಬದಲಾವಣೆಗಳನ್ನು ಅದು ನಿರ್ಬಂಧಿಸುತ್ತದೆ.

ಈ ಕೆಲಸಕ್ಕೆ ಎರಡು ದಿನ ಹಿಡಿಯಿತು. ಮನೆಯವರು ತಿಂಥಣಿಗೆ ಬಸ್ಸಿನಲ್ಲಿ ಹೋಗಿಬಂದರು. ಅವರು ಮರಳುವ ಹೊತ್ತಿಗೆ ಜೀಪು ಗಾಲಿಗಳ ಮೇಲೆ ನಿಂತಿತ್ತು, ಹೊಸ ಪ್ಯಾಡುಗಳು ಡಿಸ್ಕಿಗೆ ಹೊಂದಿಕೊಳ್ಳಲೆಂದು ಮಿಸ್ತ್ರಿ ಅದನ್ನು ಖಾಲಿ ರಸ್ತೆಯಲ್ಲಿ ಓಡಿಸಿ ಮೆಲ್ಲಗೆ ನಿಲ್ಲಿಸಿ, ಮತ್ತೆ ಓಡಿಸಿ ನಿಲ್ಲಿಸುತ್ತಿದ್ದನು.