ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರಲ್ಲ

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆ ನಮಗೆಲ್ಲ ಪರಿಚಿತ. ಅಪರಾಧಿಯ ಅಳುಕೇ ಅವನನ್ನು ಹಿಡಿದುಕೊಡುತ್ತದೆಂಬುದು ಅದರ ಇಂಗಿತ. ಆದರೆ ತುಂಬಿದ ಸಭೆಯಲ್ಲಿ ಹಾಗೆ ಕೂಗಿದರೆ ನಿರಪರಾಧಿಯ ಕೈಯೂ ಹೆಗಲಿನತ್ತ ಹೋಗಬಹುದೆಂಬುದನ್ನು ಗಾದೆ ಹೇಳುವುದಿಲ್ಲ. ಜಾತಿ, ಮತ, ವರ್ಣಗಳ ಕುರಿತ ಚರ್ಚೆಗಳಲ್ಲಿ ಇಂದು ಈ ಗಾದೆಯೇ ನ್ಯಾಯಸೂತ್ರವಾಗಿ ಬಳಕೆಯಾಗುತ್ತಿದೆ. ‘ನಿಮ್ಮೊಳಗೆ ನಿಮಗೇ ತಿಳಿಯದ ಪೂರ್ವಗ್ರಹವಿದೆ’ ಎಂಬ ಮಾತನ್ನು ಒಪ್ಪಿಕೊಂಡರೆ ಅದು ತಪ್ಪೊಪ್ಪಿಗೆ. ನಿರಾಕರಿಸಿದರೆ ಆ ನಿರಾಕರಣೆಯೇ ಪುರಾವೆ!

ಈ ಆಪಾದನೆಗೆ ವಿಜ್ಞಾನದ ಮುದ್ರೆ ದೊರೆತದ್ದು ಅಮೆರಿಕದಲ್ಲಿ. ಮನಶ್ಶಾಸ್ತ್ರಜ್ಞ ಆಂಥನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಕಂಪ್ಯೂಟರ್ ಪರದೆಯ ಮೇಲೆ ಮೂಡುವ ಮುಖಗಳನ್ನೂ ಒಳ್ಳೆಯ, ಕೆಟ್ಟ ಅರ್ಥದ ಪದಗಳನ್ನೂ ಎರಡು ಕೀಲಿಗಳನ್ನು ಒತ್ತಿ ವಿಂಗಡಿಸಬೇಕು. ಕಪ್ಪು ಮುಖವನ್ನು ಒಳ್ಳೆಯ ಪದದೊಡನೆ ಜೋಡಿಸಲು ತಗಲುವ ಹೆಚ್ಚಿನ ಕಾಲವನ್ನು ಸುಪ್ತ ಪಕ್ಷಪಾತದ ಅಳತೆಯೆಂದು ಎಣಿಸಲಾಗುತ್ತದೆ. ಸಿಕಂದರಾಬಾದಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಮಹಜರೀನ್ ಬಾನಾಜಿ ಈ ಸಂಶೋಧನೆಯ ಇನ್ನೊಬ್ಬ ಪ್ರಮುಖರು.

ಪರೀಕ್ಷೆ ಪ್ರಯೋಗಾಲಯದಿಂದ ಕಚೇರಿಗಳಿಗೆ ಹರಡಿತು. ಆದರೆ ಒಬ್ಬನೇ ವ್ಯಕ್ತಿ ಎರಡು ಬೇರೆ ದಿನ ಪರೀಕ್ಷೆಗೆ ಕುಳಿತರೆ ಫಲಿತಾಂಶ ಗಣನೀಯವಾಗಿ ಬದಲಾಗಬಹುದು. ಗ್ರೀನ್‌ವಾಲ್ಡ್, ಬಾನಾಜಿ ಹಾಗೂ ಬ್ರಯನ್ ನೊಸೆಕ್ ಅವರೇ 2015ರ ಲೇಖನವೊಂದರಲ್ಲಿ, ‘ಈತ ತಾರತಮ್ಯ ಎಸಗುವವನು’ ಎಂದು ವ್ಯಕ್ತಿಗಳನ್ನು ವರ್ಗೀಕರಿಸಲು ಈ ಪರೀಕ್ಷೆಯನ್ನು ಬಳಸುವುದು ಸಮಸ್ಯಾತ್ಮಕವೆಂದು ಒಪ್ಪಿದರು. ಸುಮಾರು 500 ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯೂ, ಪರೀಕ್ಷೆಯ ಅಂಕ ಬದಲಾದೊಡನೆ ನಡತೆಯೂ ಬದಲಾಗುತ್ತದೆಂಬುದಕ್ಕೆ ಆಧಾರ ಕಾಣಲಿಲ್ಲ.

2018ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ಸ್ಟಾರ್‌ಬಕ್ಸ್ ಮಳಿಗೆಯಲ್ಲಿ ಏನನ್ನೂ ಕೊಳ್ಳದೆ ಕಾಯುತ್ತ ಕುಳಿತಿದ್ದ ಇಬ್ಬರು ಕಪ್ಪು ಜನಾಂಗದವರನ್ನು ಪೊಲೀಸರು ಬಂಧಿಸಿದರು. ಅದು ಎಲ್ಲರ ಕಣ್ಣಿಗೆ ಬಿದ್ದ ಕೃತ್ಯ. ದೂರು ಕೊಟ್ಟವರು ಯಾರು, ಮಳಿಗೆಯ ನಿಯಮವೇನು, ಬಿಳಿಯರಿಗೂ ಅದು ಅನ್ವಯಿಸುತ್ತಿತ್ತೇ ಎಂದೆಲ್ಲ ವಿಚಾರಿಸಲು ಸಾಧ್ಯವಿತ್ತು. ಆದರೆ ಕಂಪನಿಯ ಬಹುದೊಡ್ಡ ಉತ್ತರ ಬೇರೆಯೇ ಆಗಿತ್ತು: ಮೇ 29ರ ಮಧ್ಯಾಹ್ನ ಎಂಟು ಸಾವಿರಕ್ಕೂ ಹೆಚ್ಚು ಮಳಿಗೆಗಳನ್ನು ಮುಚ್ಚಿ ಸಿಬ್ಬಂದಿಗೆಲ್ಲ ಪಕ್ಷಪಾತದ ಪಾಠ. ಒಂದು ಮಳಿಗೆಯ ಕೃತ್ಯಕ್ಕೆ ಎಲ್ಲ ಮಳಿಗೆಗಳವರ ಮನಸ್ಸೂ ಶಂಕಿತವಾಯಿತು.

ಹಾಗೆಂದು ಪೂರ್ವಗ್ರಹವೇ ಇಲ್ಲವೆನ್ನುವುದು ಆತ್ಮವಂಚನೆ. ಅದನ್ನು ಸಾಬೀತುಪಡಿಸುವ ಪ್ರಾಮಾಣಿಕ ಮಾರ್ಗಗಳಿವೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ನಮ್ಮ ದೇಶದ ಪತ್ರಿಕೆಗಳಲ್ಲಿ ಪ್ರಕಟವಾದ ಖಾಸಗಿ ಉದ್ಯೋಗಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಕಳುಹಿಸಿದರು. ಹೆಸರುಗಳು ಮಾತ್ರ ಬೇರೆ: ಮೇಲ್ಜಾತಿಯ, ದಲಿತ, ಮುಸ್ಲಿಂ. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ಕರೆ ಬರುವ ಸಂಭವ ದಲಿತ ಹೆಸರಿಗೆ ಸುಮಾರು ಮೂರನೇ ಒಂದರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಎರಡರಷ್ಟು ಕಡಿಮೆ. ಇಲ್ಲಿ ಯಾರ ಅಂತರಂಗವನ್ನೂ ಬಗೆದು ನೋಡಿಲ್ಲ. ಹೊರಗಿನ ನಡತೆಯನ್ನು ಎಣಿಸಿದ್ದಾರೆ. ಅನುಮಾನವಿದ್ದವರು ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡಬಹುದು. ಈ ಅಂಕಿಅಂಶವೂ ಒಟ್ಟು ವ್ಯವಸ್ಥೆಯ ಮೇಲಿನ ದೋಷಾರೋಪವೇ ಹೊರತು ನಿರ್ದಿಷ್ಟ ಅಧಿಕಾರಿಯೊಬ್ಬನ ಮೇಲಿನ ತೀರ್ಪಲ್ಲ. ಆತನನ್ನು ದೂಷಿಸಬೇಕಾದರೆ ಆತನ ತೀರ್ಮಾನಗಳನ್ನೇ ಪರಿಶೀಲಿಸಬೇಕು.

ಈ ಭೇದ ಮರೆತರೆ ಹೆಚ್ಚು ನಷ್ಟ ಆರೋಪಿಗಲ್ಲ, ನಿಜವಾಗಿ ನೊಂದವನಿಗೆ. ಬಾಡಿಗೆಗೆ ಮನೆ ಕೇಳಿದಾಗ ಜಾತಿ ತಿಳಿದೊಡನೆ ಬಾಗಿಲು ಮುಚ್ಚಿಸಿಕೊಂಡವನ ದೂರಿಗೂ, ಭಿನ್ನಾಭಿಪ್ರಾಯ ಸೂಚಿಸಿದವನ ಮೇಲೆ ಎಸೆದ ಹಣೆಪಟ್ಟಿಗೂ ಒಂದೇ ಹೆಸರು ಬಂದರೆ, ಕೇಳುವವರು ಎರಡನ್ನೂ ಒಂದೇ ಉದಾಸೀನದಿಂದ ತಳ್ಳಿಹಾಕುತ್ತಾರೆ. ಮೊದಲನೆಯವನಿಗೆ ಇರುವ ಏಕೈಕ ಆಯುಧ ತನ್ನ ಮಾತಿಗಿರುವ ತೂಕ. ಪುರಾವೆಯಿಲ್ಲದ ಪ್ರತಿ ಆಪಾದನೆಯೂ ಆ ತೂಕವನ್ನು ಅಷ್ಟಷ್ಟೇ ಕಳೆಯುತ್ತದೆ.

ಆದ್ದರಿಂದ ‘ನೀನು ಎಂಥವನು’ ಎಂದು ಕೇಳುವ ಮೊದಲು ‘ನೀನು ಏನು ಮಾಡಿದೆ’ ಎಂದು ಕೇಳುವ ಶಿಸ್ತು ನಮ್ಮ ಸಾರ್ವಜನಿಕ ಚರ್ಚೆಗೆ ಬೇಕು. ಮಾಡಿದ್ದನ್ನು ತೋರಿಸಿದರೆ ಉತ್ತರಿಸಬಹುದು, ತಿದ್ದಿಕೊಳ್ಳಬಹುದು, ಶಿಕ್ಷಿಸಲೂಬಹುದು. ಕುಂಬಳಕಾಯಿ ಯಾರ ಮನೆಯಲ್ಲಿದೆಯೆಂದು ಹುಡುಕುವುದು ಶ್ರಮದ ಕೆಲಸ, ನಿಜ. ಆ ಶ್ರಮ ತಪ್ಪಿಸಲು ಎಲ್ಲರ ಹೆಗಲು ನೋಡುತ್ತ ಕುಳಿತರೆ ಕಳ್ಳನೂ ಸಿಗುವುದಿಲ್ಲ, ಕಳೆದುಕೊಂಡವನಿಗೆ ಕುಂಬಳಕಾಯಿಯೂ ಸಿಗುವುದಿಲ್ಲ.